ಹೊಳೆಯ ನೀರು ಇಳಿದ ಮೇಲೆ ಮನೆ ಒಣಗಿಸುವ ರೀತಿ



ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ಭಾಗದ ಹೊಳೆಸಾಲಿನ ಊರುಗಳಿಗೆ ಮಹಾಪೂರ ಹೊಸದಲ್ಲ. ಅಂಬೋಲಿಯ ಘಟ್ಟದಲ್ಲಿ ಹುಟ್ಟಿದ ಹಿರಣ್ಯಕೇಶಿಯು ಸಂಕೇಶ್ವರದ ಮಗ್ಗುಲಲ್ಲಿ ಹರಿದು ಘಟಪ್ರಭೆಯನ್ನು ಕೂಡುತ್ತದೆ. ಗೋಕಾಕದ ಹತ್ತಿರ ಮಾರ್ಕಂಡೇಯ ನದಿಯೂ ಬಂದು ಸೇರುತ್ತದೆ. ಮೇಲೆ ಹಿಡಕಲ್ ಆಣೆಕಟ್ಟು ತುಂಬಿ ಬಾಗಿಲು ತೆರೆಯುವ ಹೊತ್ತಿಗೇ ಈ ಎರಡು ನದಿಗಳೂ ತುಂಬಿ ಬಂದವೆಂದರೆ ಕೆಳಗಿನ ಊರುಗಳಿಗೆ ನೀರು ನುಗ್ಗುತ್ತದೆ. 2019ರ ಆಗಸ್ಟ್ ತಿಂಗಳಲ್ಲಿ ಆದದ್ದು ಇದೇ. ಗೋಕಾಕದ ಲೋಳಸೂರ ಸೇತುವೆ ಮುಳುಗಿತು; ಸುಣಧೋಳಿ, ಅವರಾದಿ ಕಡೆಯ ದಾರಿಗಳು ನಿಂತವು; ಎಷ್ಟೋ ಕುಟುಂಬಗಳು ದನಕರುಗಳೊಡನೆ ಎತ್ತರದ ಸ್ಥಳಗಳಿಗೆ ಹೋಗಬೇಕಾಯಿತು. 2021ರ ಜುಲೈದಲ್ಲಿ ಮತ್ತೆ ಹೊಳೆ ಏರಿತು. ಮುಂದೆಯೂ ಏರುವುದುಂಟು.

ನೀರು ಬರುವಾಗ ಮಾಡಬೇಕಾದದ್ದನ್ನು ಎಲ್ಲರೂ ಹೇಳುತ್ತಾರೆ. ನೀರು ಹೋದ ಮೇಲೆ ಮಾಡಬೇಕಾದದ್ದನ್ನು ಹೇಳುವವರು ಕಡಿಮೆ. ಹೊಳೆಯ ನೀರು ಎರಡು ಮೂರು ದಿನಗಳಲ್ಲಿ ಹೊಳೆಗೆ ಹಿಂದಿರುಗುತ್ತದೆ. ಆದರೆ ಗೋಡೆಯೊಳಗೆ ಹೊಕ್ಕ ನೀರು ತಿಂಗಳುಗಟ್ಟಲೆ ಅಲ್ಲಿಯೇ ಇರುತ್ತದೆ. ಹೊರಗಿನ ನೀರನ್ನು ಕಂಡು ಅಂಜುವ ನಾವು ಒಳಗಿನ ನೀರನ್ನು ಮರೆಯುತ್ತೇವೆ. ಗೋಡೆ ಬೀಳುವುದು, ಕಾಳು ಕೆಡುವುದು, ಮನೆಯವರು ಕೆಮ್ಮಿ ನರಳುವುದು ಬಹಳ ಮಟ್ಟಿಗೆ ಈ ಒಳಗಿನ ನೀರಿನಿಂದ.

ಮೊದಲು ಮನೆಯೊಳಗೆ ಕಾಲಿಡುವ ವಿಚಾರ. ಕಾಳಜಿ ಕೇಂದ್ರದಿಂದ ಬಂದವರೇ ಬಾಗಿಲು ತೆರೆದು ಒಳಗೆ ನುಗ್ಗಬಾರದು. ಮನೆಯ ಸುತ್ತಲೂ ಒಂದು ಸುತ್ತು ಹಾಕಿರಿ. ಗೋಡೆಯ ಬುಡದಲ್ಲಿ ಮಣ್ಣು ಕರಗಿ ತಗ್ಗು ಬಿದ್ದಿದೆಯೇ, ಗೋಡೆ ಹೊಟ್ಟೆ ಬಿಟ್ಟಿದೆಯೇ, ಮೂಲೆಗಳಲ್ಲಿ ಬಿರುಕು ಬಿಟ್ಟಿದೆಯೇ ನೋಡಿರಿ. ದಾರಕ್ಕೆ ಕಲ್ಲು ಕಟ್ಟಿ ಗೋಡೆಯ ತಲೆಯಿಂದ ಇಳಿಬಿಟ್ಟರೆ ಗೋಡೆ ವಾಲಿರುವುದು ತಿಳಿಯುತ್ತದೆ. ಮೊದಲು ಸಲೀಸಾಗಿ ತೆರೆಯುತ್ತಿದ್ದ ಬಾಗಿಲು ಈಗ ಬಿಗಿಯಾಗಿದ್ದರೆ ಚೌಕಟ್ಟು ಊದಿರಬಹುದು, ಇಲ್ಲವೆ ಗೋಡೆಯೇ ಕುಸಿದು ಚೌಕಟ್ಟಿನ ಮೇಲೆ ಕುಳಿತಿರಬಹುದು. ಅನುಭವಸ್ಥ ಗೌಂಡಿಯನ್ನು ಕರೆದು ತೋರಿಸದೆ ಅಂಥ ಬಾಗಿಲನ್ನು ಒದ್ದು ತೆರೆಯಬೇಡಿರಿ.

ನೀರಿನಲ್ಲಿ ನಿಂತಾಗ ಬೀಳದ ಗೋಡೆ ನೀರು ಇಳಿದ ಮೇಲೆ ಏಕೆ ಬೀಳುತ್ತದೆ ಎಂದು ಬಹಳ ಜನ ಕೇಳುತ್ತಾರೆ. ಕಾರಣ ಕಠಿಣವಾದದ್ದೇನೂ ಅಲ್ಲ. ಮಣ್ಣಿನ ಗೋಡೆಗಾಗಲಿ, ಮಣ್ಣಿನಲ್ಲಿ ಕಟ್ಟಿದ ಕಲ್ಲಿನ ಗೋಡೆಗಾಗಲಿ ಗಟ್ಟಿತನ ಬರುವುದು ಮಣ್ಣು ಒಣಗಿರುವುದರಿಂದ. ನೀರು ಕುಡಿದ ಮಣ್ಣು ಮೆತ್ತಗಾಗಿ ಮೇಲಿನ ಭಾರವನ್ನು ಹೊರಲಾರದು. ನೀರು ಎರಡೂ ಮಗ್ಗುಲಿಗೆ ನಿಂತಿರುವಾಗ ಅದೇ ಗೋಡೆಗೆ ಆಸರೆಯಾಗಿರುತ್ತದೆ. ನೀರು ಇಳಿದೊಡನೆ ಆ ಆಸರೆ ತಪ್ಪುತ್ತದೆ, ಗೋಡೆ ಮಾತ್ರ ಇನ್ನೂ ಹಸಿಯಾಗಿಯೇ ಇರುತ್ತದೆ. ಮನೆಯೊಳಗೆ ಇನ್ನೂ ನೀರು ನಿಂತಿದ್ದು ಹೊರಗೆ ಇಳಿದಿದ್ದರೆ ಒಳಗಿನ ನೀರು ಗೋಡೆಯನ್ನು ಹೊರಕ್ಕೆ ದೂಡುತ್ತದೆ. ಬಚ್ಚಲ ಮೋರಿ ಬಿಡಿಸಿ ಅದನ್ನು ಹೊರಗೆ ಹರಿಯಗೊಡಬೇಕು.

ಮಣ್ಣಿನ ಮಾಳಿಗೆಯ ಮನೆಗಳಲ್ಲಿ ಅಪಾಯ ಇನ್ನೂ ಹೆಚ್ಚು. ಲೆಕ್ಕ ಹಾಕಿ ನೋಡಿರಿ. ಒಂದು ಘನ ಅಡಿ ಒಣ ಮಣ್ಣು ಸುಮಾರು 40 ಕಿಲೋ ತೂಗುತ್ತದೆ; ನೆನೆದ ಮಣ್ಣು 50 ಕಿಲೋ ದಾಟುತ್ತದೆ. 10 ಅಡಿ ಅಗಲ, 12 ಅಡಿ ಉದ್ದದ ಕೋಣೆಯ ಮೇಲೆ ಒಂದು ಅಡಿ ಮಣ್ಣಿದ್ದರೆ ಅದು 120 ಘನ ಅಡಿ. ಮಳೆಯಲ್ಲಿ ಪೂರ್ತಿ ನೆನೆದಾಗ ಜಂತಿ ತೊಲೆಗಳ ಮೇಲೆ 6,000 ಕಿಲೋ ಭಾರ ಬೀಳುತ್ತದೆ. ಅಷ್ಟು ಭಾರವನ್ನು ಬುಡ ಮೆತ್ತಗಾದ ಗೋಡೆ ಹೊರಬೇಕು. ಆದುದರಿಂದ ಇಂಥ ಮನೆಗೆ ಮೊದಲು ಮಾಡತಕ್ಕ ಕೆಲಸವೆಂದರೆ ತೊಲೆಗಳ ಕೆಳಗೆ ಗಟ್ಟಿ ಕಂಬಗಳ ಆಸರೆ ಕೊಡುವುದು. ಕಂಬದ ಬುಡಕ್ಕೆ ಅಗಲವಾದ ಹಲಗೆ ಇಡಬೇಕು, ಇಲ್ಲವಾದರೆ ಹಸಿ ನೆಲದಲ್ಲಿ ಕಂಬವೇ ಹೂತು ಹೋಗುತ್ತದೆ. ಗೋಡೆ ಗಟ್ಟಿಯಾಗುವವರೆಗೆ ಹಗಲು ಕೆಲಸ ಮಾಡಿ ರಾತ್ರಿ ಬೇರೆ ಕಡೆ ಮಲಗಿರಿ. ಮುದುಕರು, "ಇದು ನನ್ನ ಅಪ್ಪ ಕಟ್ಟಿಸಿದ ಮನೆ, ಬೀಳೂದಿಲ್ಲ" ಎಂದು ಹಟ ಮಾಡುವುದುಂಟು. ಅವರಿಗೆ ಮೇಲೆ ಹೇಳಿದ ಲೆಕ್ಕವನ್ನೇ ಓದಿ ಹೇಳಿರಿ.

ವಿದ್ಯುತ್ತಿನ ವಿಷಯದಲ್ಲಿ ಅಂದಾಜು ಮಾಡಬಾರದು. ಒದ್ದೆ ನೆಲದ ಮೇಲೆ ನಿಂತು ಮುಖ್ಯ ಗುಂಡಿಯನ್ನು ಮುಟ್ಟಬೇಡಿರಿ. ಗೋಕಾಕ, ಮೂಡಲಗಿ ಕಡೆಯವರು ಹೆಸ್ಕಾಂ ಲೈನ್‌ಮನ್ನನಿಗೆ, ಹುಕ್ಕೇರಿ ಕಡೆಯವರು ಗ್ರಾಮೀಣ ವಿದ್ಯುತ್ ಸಹಕಾರಿ ಸಂಘದವರಿಗೆ ಹೇಳಿ ಕಂಬದಲ್ಲಿಯೇ ತಂತಿ ಬಿಡಿಸಿರಿ. ನೀರು ಹೊಕ್ಕ ಗುಂಡಿ, ಪಂಪಿನ ಮೋಟಾರು, ಹಿಟ್ಟಿನ ಗಿರಣಿ ಇವನ್ನು ಪರೀಕ್ಷೆ ಮಾಡಿಸುವವರೆಗೆ ಚಾಲೂ ಮಾಡಕೂಡದು. ಗ್ಯಾಸ್ ಸಿಲಿಂಡರನ್ನು ಬಯಲಿಗೆ ತಂದಿಟ್ಟು ಏಜೆನ್ಸಿಯವರಿಗೆ ತೋರಿಸಿರಿ. ಹಾವು ಚೇಳುಗಳು ಒಣ ಜಾಗ ಹುಡುಕಿ ಮಾಡು, ಗೂಡು, ಕಟ್ಟಿಗೆಯ ರಾಶಿಗಳಲ್ಲಿ ಸೇರಿರುತ್ತವೆ. ಕೈ ಹಾಕುವ ಮೊದಲು ಬಡಿಗೆ ಹಾಕಿರಿ.

ಸಲಿಕೆ ಹಿಡಿಯುವ ಮೊದಲು ಮತ್ತೊಂದು ಕೆಲಸವಿದೆ, ಅದನ್ನು ಅವಸರದಲ್ಲಿ ಬಿಡಬಾರದು. ಗೋಡೆಯ ಮೇಲೆ ನೀರು ನಿಂತ ಗುರುತು ಕಾಣುವಂತೆ, ಒಳಗಿನ ರಾಡಿ ಕಾಣುವಂತೆ, ಬಿದ್ದ ಭಾಗ ಕಾಣುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಮನೆಯವರೊಬ್ಬರು ಗುರುತಿನ ಪಕ್ಕದಲ್ಲಿ ನಿಂತರೆ ಎತ್ತರ ತಿಳಿಯುತ್ತದೆ. ನೀವು ಇಂದಿಗೂ ತಲಾಠಿ ಎಂದು ಕರೆಯುವ ಗ್ರಾಮ ಆಡಳಿತ ಅಧಿಕಾರಿಗಳಿಗೂ ಪಂಚಾಯತಿಗೂ ಬರವಣಿಗೆಯಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. 2019ರಲ್ಲಿ ಮನೆ ಹಾನಿಯನ್ನು ಎ, ಬಿ, ಸಿ ಎಂದು ಮೂರು ವರ್ಗ ಮಾಡಿದ್ದರು. ಪೂರ್ಣ ಹಾನಿಯಾದ ಎ ವರ್ಗದ ಮನೆಗೆ 5 ಲಕ್ಷ ರೂಪಾಯಿ, ಅಲ್ಪ ಹಾನಿಯ ಸಿ ವರ್ಗಕ್ಕೆ 50 ಸಾವಿರ ರೂಪಾಯಿ ಗೊತ್ತುಮಾಡಲಾಗಿತ್ತು. ವರ್ಗದಲ್ಲಿ ಒಂದು ಅಕ್ಷರ ಬದಲಾದರೆ ಒಂದು ಕುಟುಂಬದ ಹಣೆಬರಹವೇ ಬದಲಾದಂತೆ. ಪ್ರತಿ ವರ್ಷದ ಆದೇಶ ಬೇರೆ ಇರುತ್ತದೆ, ಮೊತ್ತವನ್ನು ಕೇಳಿ ತಿಳಿದುಕೊಳ್ಳಿರಿ. ಅಪಾಯದ ಗೋಡೆಯನ್ನು ಪಂಚನಾಮೆಗೆ ಮೊದಲೇ ಕೆಡವಬೇಕಾಗಿ ಬಂದರೆ ಫೋಟೋ ತೆಗೆದು, ನೆರೆಯ ಇಬ್ಬರ ಎದುರಿಗೆ ಕೆಡವಿರಿ. ಪಂಚನಾಮೆ ಆದ ಮೇಲೆ ಗೋಡೆ ಬಿದ್ದರೆ ತಡಮಾಡದೆ ಮತ್ತೆ ಅರ್ಜಿ ಕೊಡಿರಿ.

ಈಗ ರಾಡಿ ತೆಗೆಯುವುದು. ನಮ್ಮ ಹೊಳೆ ತಂದು ಹಾಕುವ ಮಣ್ಣು ಬಹುಪಾಲು ಎರೆ. ಹಸಿಯಾಗಿರುವಾಗ ಸಲಿಕೆಗೆ ಬರುತ್ತದೆ; ಒಣಗಿದರೆ ಗುದ್ದಲಿಗೂ ಬಗ್ಗದು. ಆದುದರಿಂದ ಗೋಡೆ ಒಣಗಿಸಲು ಎಷ್ಟು ತಾಳ್ಮೆ ಬೇಕೋ ರಾಡಿ ತೆಗೆಯಲು ಅಷ್ಟೇ ಅವಸರ ಬೇಕು. ಒಂದೇ ಕೋಣೆಯ ರಾಡಿಯನ್ನು ಪೂರ್ತಿ ತೆಗೆದು ಪಕ್ಕದ ಕೋಣೆಯಲ್ಲಿ ಬಿಟ್ಟರೆ ನಡುವಿನ ಹಸಿ ಗೋಡೆಗೆ ಒಂದೇ ಮಗ್ಗುಲಿನಿಂದ ಒತ್ತು ಬೀಳುತ್ತದೆ; ಎರಡೂ ಕಡೆ ಸಮವಾಗಿ ತೆಗೆಯುತ್ತ ಬನ್ನಿರಿ. ತೆಗೆದ ರಾಡಿಯನ್ನು ಹೊರಗೋಡೆಗೆ ಒರಗಿಸಿ ಗುಡ್ಡೆ ಹಾಕಬೇಡಿರಿ, ಅದು ಗೋಡೆಯ ಬುಡವನ್ನು ತಿಂಗಳುಗಟ್ಟಲೆ ಹಸಿಯಾಗಿಡುತ್ತದೆ. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳು ಒಡೆದಿದ್ದರೆ ಆ ಕೋಣೆಯ ರಾಡಿಯನ್ನು ಬೇರೆ ಇಡಿರಿ. ಅದನ್ನು ಹೊಲಕ್ಕಾಗಲಿ ಹೊಳೆಗಾಗಲಿ ಹಾಕುವಂತಿಲ್ಲ, ಮಕ್ಕಳು ಅದರ ಹತ್ತಿರ ಸುಳಿಯಬಾರದು.

ಕಾಲಿಗೆ ಗಂಬೂಟು, ಕೈಗೆ ರಬ್ಬರಿನ ಚೀಲ ಇಲ್ಲದೆ ರಾಡಿಗೆ ಇಳಿಯದಿರುವುದು ಒಳ್ಳೆಯದು. ಮಹಾಪೂರದ ನೀರಿನಲ್ಲಿ ಇಲಿಯ ಮೂತ್ರ ಬೆರೆತಿರುತ್ತದೆ, ಕಾಲಿನ ಸಣ್ಣ ಗಾಯದ ಮೂಲಕ ಇಲಿ ಜ್ವರ ಒಳಸೇರುತ್ತದೆ. ಕೆಲಸ ಮಾಡಿದ ಎರಡು ಮೂರು ವಾರಗಳೊಳಗೆ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ರಾಡಿಯಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿರಿ. ಮೊಳೆ ಚುಚ್ಚಿದ್ದರೆ ಧನುರ್ವಾಯುವಿನ ಚುಚ್ಚುಮದ್ದು ಬೇಕು.

ರಾಡಿ ಹೋದ ಮೇಲೆ ಸಿಮೆಂಟಿನ ನೆಲ, ಫರಸಿ, ಬಚ್ಚಲು, ಪಾತ್ರೆಗಳನ್ನು ಸಾಬೂನಿನ ನೀರಿನಿಂದ ತೊಳೆಯಿರಿ. ಬ್ಲೀಚಿಂಗ್ ಪುಡಿ ಬರುವುದು ಆಮೇಲೆ. ರಾಡಿಯ ಮೇಲೆಯೇ ಪುಡಿ ಚೆಲ್ಲುವುದನ್ನು ಊರೂರಲ್ಲಿ ಕಾಣುತ್ತೇವೆ. ಅದರಿಂದ ಬೀದಿ ಬೆಳ್ಳಗಾಗುವುದೇ ಹೊರತು ರೋಗಾಣು ಸಾಯುವುದಿಲ್ಲ, ಏಕೆಂದರೆ ಪುಡಿಯ ಸತ್ವವನ್ನೆಲ್ಲ ರಾಡಿಯೇ ನುಂಗುತ್ತದೆ. 10 ಲೀಟರಿನ ಬಕೆಟ್ ನೀರಿಗೆ ಸುಮಾರು 100 ಗ್ರಾಂ ಒಳ್ಳೆಯ ಪುಡಿ ಕಲಸಿ, ಗಸಿ ಕೆಳಗೆ ಕುಳಿತ ಮೇಲೆ ಮೇಲಿನ ತಿಳಿನೀರನ್ನು ನೆಲಕ್ಕೆ ಸವರಿ ಹತ್ತು ನಿಮಿಷ ಬಿಟ್ಟು ತೊಳೆಯಿರಿ. ಕಿಟಕಿ ಬಾಗಿಲು ತೆರೆದಿರಲಿ. ಸಂಡಾಸ ತೊಳೆಯುವ ಆಸಿಡ್ಡನ್ನು ಇದರೊಡನೆ ಎಂದೂ ಬೆರೆಸಬೇಡಿರಿ, ವಿಷದ ಗಾಳಿ ಏಳುತ್ತದೆ. ಮಣ್ಣಿನ ಗೋಡೆಗೆ, ಸಾರಿಸಿದ ನೆಲಕ್ಕೆ ನೀರು ಹೊಡೆಯಲೇಬಾರದು. ಅಲ್ಲಿ ರಾಡಿಯನ್ನು ಕೆರೆದು ತೆಗೆಯಬೇಕು ಅಷ್ಟೆ.

ಇನ್ನು ಮುಖ್ಯ ವಿಷಯಕ್ಕೆ ಬರೋಣ. ದೀಪದ ಬತ್ತಿಯಲ್ಲಿ ಎಣ್ಣೆ ಏರುವುದನ್ನು ನೋಡಿದ್ದೀರಿ. ಗೋಡೆಯಲ್ಲಿಯೂ ನೀರು ಹಾಗೆಯೇ ಏರುತ್ತದೆ. ಹೊಳೆ ಎರಡು ಅಡಿ ನಿಂತಿದ್ದರೆ ಗೋಡೆ ಮೂರು ಅಡಿಯವರೆಗೆ ಹಸಿಯಾಗಿರಬಹುದು. ಈ ನೀರು ಹೊರಗೆ ಹೋಗಲು ಇರುವುದು ಒಂದೇ ದಾರಿ, ಗೋಡೆಯ ಮೈಯಿಂದ ಆರಿ ಗಾಳಿಗೆ ಸೇರುವುದು. ಹಳೆಯ ಮನೆಗಳಿಗೆ ಮಣ್ಣಿನ ಅಥವಾ ಸುಣ್ಣದ ಗಿಲಾವು ಇತ್ತು, ಅದು ಉಸಿರಾಡುತ್ತದೆ. ಇತ್ತೀಚೆಗೆ ಮಣ್ಣಿನ ಗೋಡೆಗೇ ಸಿಮೆಂಟಿನ ಗಿಲಾವು ಮಾಡಿಸಿ ಎಣ್ಣೆಬಣ್ಣ ಬಳಿಸುವುದು ರೂಢಿಯಾಗಿದೆ. ನೋಡಲು ಚಂದವೇ. ಆದರೆ ಒಳಗೆ ನೀರು ಹೊಕ್ಕಾಗ ಅದು ಒದ್ದೆ ಮೈಗೆ ರಬ್ಬರಿನ ಅಂಗಿ ತೊಡಿಸಿದಂತೆ. ಹೊರಗೆ ಬೆರಳಿಟ್ಟರೆ ಒಣಗಿದೆ, ಒಳಗೆ ಕೆಸರು. ಇಂಥ ಗೋಡೆಯಲ್ಲಿ ಹಸಿ ಏರಿದ ಗುರುತಿಗಿಂತ ಒಂದು ಅಡಿ ಮೇಲಿನವರೆಗೆ ಸಿಮೆಂಟನ್ನು ಹಗುರವಾಗಿ ಕೆತ್ತಿ ತೆಗೆಸಿರಿ. ಸುತ್ತಿಗೆಯ ಪೆಟ್ಟು ಜೋರಾಗಬಾರದು. ಒಂದೇ ದಿನ ಎಲ್ಲಾ ಗೋಡೆಗಳಿಗೆ ಕೈಹಚ್ಚದೆ, ಆಸರೆ ಕೊಟ್ಟುಕೊಂಡು ಒಂದೊಂದಾಗಿ ಮಾಡಿಸಿರಿ. ಗಿಲಾವು ತೆಗೆಯಲು ಮನಸ್ಸು ಬಾರದು, ನಿಜ. ಆದರೆ ತೆಗೆಯದೆ ಬಿಟ್ಟರೆ ಕೆಲವು ತಿಂಗಳಲ್ಲಿ ಅದೇ ಉಬ್ಬಿ ಉದುರುತ್ತದೆ, ಕೆಲವೊಮ್ಮೆ ಗೋಡೆಯನ್ನೂ ಜೊತೆಗೆ ಕರೆದೊಯ್ಯುತ್ತದೆ.

ಬಿಸಿಲು ಬಿದ್ದ ಹೊತ್ತಿನಲ್ಲಿ ಎದುರು ಬದುರಿನ ಕಿಟಕಿ ಬಾಗಿಲುಗಳನ್ನು ತೆರೆದಿಡಿರಿ. ಹೆಂಚಿನ ಮನೆಯಾದರೆ ಮಳೆಯಿಲ್ಲದ ದಿನ ನೆತ್ತಿಯ ಕೆಲವು ಹೆಂಚುಗಳನ್ನು ಸರಿಸಿದರೆ ಒಳಗಿನ ತೇವದ ಗಾಳಿ ಮೇಲಕ್ಕೆ ಹೋಗುತ್ತದೆ. ಸಂಜೆಗೆ ಮುಚ್ಚಲು ಮರೆಯಬೇಡಿರಿ. ಪೆಟ್ಟಿಗೆ, ಕಪಾಟು, ಗೋಣಿಚೀಲಗಳನ್ನು ಗೋಡೆಯಿಂದ ಒಂದು ಮೊಳ ದೂರವಿಡಿರಿ. ವಿದ್ಯುತ್ತು ಪರೀಕ್ಷೆಯಾಗಿ ಬಂದ ಮೇಲೆ ಬೀಸಣಿಗೆಯನ್ನು ಗೋಡೆಯ ಬುಡದ ಕಡೆ ತಿರುಗಿಸಿಡಬಹುದು. ಬೇಗ ಒಣಗಲೆಂದು ಮುಚ್ಚಿದ ಕೋಣೆಯಲ್ಲಿ ಇದ್ದಲಿಯ ಬೆಂಕಿ ಹಾಕಬೇಡಿರಿ. ಅದರ ಹೊಗೆಗೆ ಬಣ್ಣ ವಾಸನೆಗಳಿಲ್ಲದೆಯೂ ಪ್ರಾಣ ತೆಗೆಯುವ ಗುಣವಿದೆ. ಗೋಡೆಯೂ ಒಂದೇ ಮಗ್ಗುಲು ಬೇಗ ಒಣಗಿ ಬಿರಿಯುತ್ತದೆ.

ಗೋಡೆ ಒಣಗುತ್ತ ಬಂದಂತೆ ಅದರ ಮೈಮೇಲೆ ಬಿಳಿ ಹುಡಿ ಏಳುತ್ತದೆ. ಕಾಲುವೆಯ ಕೆಳಗಿನ ಹೊಲಗಳಲ್ಲಿ ನೀರು ನಿಂತು ಆರಿದಾಗ ಸವುಳು ಮೇಲೆ ಬರುತ್ತದಲ್ಲ, ಇದೂ ಅದೇ. ಮಣ್ಣಿನೊಳಗಿನ ಉಪ್ಪು ನೀರಿನೊಡನೆ ಹೊರಗೆ ಬಂದು ನೀರು ಆರಿದ ಮೇಲೆ ಉಳಿದಿದೆ. ಹೆದರಬೇಕಾದದ್ದಿಲ್ಲ. ಒಣ ಪೊರಕೆಯಿಂದ ಗುಡಿಸಿ ಮನೆಯಿಂದ ಹೊರಗೆ ಹಾಕಿರಿ. ನೀರಿನಿಂದ ತೊಳೆದರೆ ಉಪ್ಪು ಕರಗಿ ಪುನಃ ಗೋಡೆಯೊಳಗೇ ಹೋಗುತ್ತದೆ.

ಗೋಡೆ ಒಣಗಿತೆಂದು ತಿಳಿಯುವುದು ಹೇಗೆ? ಕಣ್ಣು ಮೋಸ ಹೋಗುತ್ತದೆ, ಕೈಯೂ ಮೋಸ ಹೋಗುತ್ತದೆ. ಒಂದು ಚಾಚು ಗೇಣು ಅಗಲದ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಯ ಕೆಳಭಾಗಕ್ಕೆ ಇಟ್ಟು, ನಾಲ್ಕೂ ಅಂಚುಗಳನ್ನು ಅಂಟುಪಟ್ಟಿಯಿಂದ ಗಾಳಿಯಾಡದಂತೆ ಅಂಟಿಸಿರಿ. ಒಂದು ಹಗಲು ಒಂದು ರಾತ್ರಿ ಬಿಟ್ಟು ನೋಡಿರಿ. ಹಾಳೆಯ ಒಳಮಗ್ಗುಲಿಗೆ ಬೆವರಿನ ಹನಿ ಕಂಡರೆ ಗೋಡೆಯೊಳಗೆ ಇನ್ನೂ ನೀರಿದೆ. ಹದಿನೈದು ದಿನ ಬಿಟ್ಟು ಮತ್ತೆ ಅಂಟಿಸಿರಿ. ಖರ್ಚು ಇಲ್ಲವೆನ್ನುವಷ್ಟು ಕಡಿಮೆ. ಬಿರುಕುಗಳ ತುದಿಗೆ ಪೆನ್ಸಿಲಿನಿಂದ ಗೆರೆ ಎಳೆದು ತಾರೀಖು ಬರೆಯುವುದೂ ಒಳ್ಳೆಯ ಅಭ್ಯಾಸ. ಗೆರೆಯನ್ನು ದಾಟಿ ಬಿರುಕು ಬೆಳೆದರೆ ಗೌಂಡಿಯನ್ನು ಕರೆಯಬೇಕು.

ಇಷ್ಟು ಹೇಳಲು ಕಾರಣವಿದೆ. 2019ರಲ್ಲಿ ಆಗಸ್ಟ್ ತಿಂಗಳ ಮೊದಲರ್ಧದಲ್ಲಿ ನೀರು ಬಂತು; ಸೆಪ್ಟೆಂಬರ್ 2ಕ್ಕೆ ಗಣೇಶ ಚೌತಿ. ಹಬ್ಬಕ್ಕೆ ಮನೆ ಚೊಕ್ಕಟ ಕಾಣಬೇಕೆಂಬ ಆಸೆ ಯಾರಿಗಿಲ್ಲ? ಆದರೆ ಮೂರು ವಾರಗಳಲ್ಲಿ ಯಾವ ಗೋಡೆಯೂ ಒಣಗಲಾರದು. ಗೋಡೆಯ ಪ್ರತಿ ಅಂಗುಲ ದಪ್ಪಕ್ಕೆ ಒಂದು ತಿಂಗಳು ಎಂಬುದು ಕಟ್ಟಡದವರಲ್ಲಿ ಬಳಕೆಯಲ್ಲಿರುವ ಒಂದು ಹಳೆಯ ಅಂದಾಜು. ನಮ್ಮ ಕಡೆಯ ಬಿಸಿಲು ಗಾಳಿಗೆ ಅಷ್ಟು ಬೇಕಾಗದು. ಆದರೂ ಶ್ರಾವಣ ಭಾದ್ರಪದದ ತೇವದಲ್ಲಿ ಒಣಗುವುದು ಬಹಳ ನಿಧಾನ. ಆ ವರ್ಷ ಅಕ್ಟೋಬರಿನಲ್ಲಿ ಮತ್ತೆ ಮಳೆ ಸುರಿದು ಹೊಳೆ ಏರಿದ್ದನ್ನು ನೀವು ಮರೆತಿರಲಾರಿರಿ. ಹಬ್ಬಕ್ಕೆಂದು ಹಸಿ ಗೋಡೆಯ ಮೇಲೆ ಹಚ್ಚಿಸಿದ ಬಣ್ಣ ಪರಿಹಾರದ ಹಣವನ್ನು ನೀರಿಗೆ ಹಾಕಿದಂತೆಯೇ. ಗಣಪತಿಯನ್ನು ಕೆರೆದ ಗೋಡೆಯ ಮುಂದೆಯೇ ಕೂಡಿಸಿರಿ. ಆ ಹಣದಲ್ಲಿ ಮೊದಲು ತೊಲೆಗಳಿಗೆ ಆಸರೆ, ಆಮೇಲೆ ಗೋಡೆಯ ಬುಡ. ಗಿಲಾವು ದೀಪಾವಳಿ ಕಳೆದ ಮೇಲೆ, ಅದೂ ಹಾಳೆ ಬೆವರದಿದ್ದರೆ.

ಕಾಳಿನ ವಿಷಯದಲ್ಲಿ ಮನಸ್ಸು ಕಲ್ಲು ಮಾಡಬೇಕು. ಮಹಾಪೂರದ ನೀರು ತಾಗಿದ ಜೋಳ, ಗೋದಿ, ಗೋವಿನಜೋಳ ಊಟಕ್ಕೆ ಯೋಗ್ಯವಲ್ಲ. ಬೂಷ್ಟು ಹಿಡಿದ ಗೋವಿನಜೋಳ, ಶೇಂಗಾ ದನಗಳಿಗೂ ಬೇಡ. ಆ ಬೂಷ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ, ಎಮ್ಮೆ ತಿಂದರೆ ಹಾಲಿಗೂ ಇಳಿಯುತ್ತದೆ, ಬೇಯಿಸಿದರೂ ಹೋಗುವುದಿಲ್ಲ. ಹಗೇವು ಈಗ ಅಪರೂಪ. ಇದ್ದರೆ ಬಾಯಿ ತೆರೆದು ಒಂದು ದಿನ ಬಿಡಿರಿ. ನೆನೆದ ಕಾಳು ಹುಳಿತು ಒಳಗೆ ಕೆಟ್ಟ ಗಾಳಿ ತುಂಬಿರುತ್ತದೆ. ಇಳಿಸಿದ ಕಂದೀಲು ಆರಿದರೆ ಯಾರೂ ಇಳಿಯಕೂಡದು. ಆರದಿದ್ದರೂ ಸೊಂಟಕ್ಕೆ ಹಗ್ಗ ಕಟ್ಟದೆ, ಮೇಲೆ ಇಬ್ಬರನ್ನು ನಿಲ್ಲಿಸದೆ ಇಳಿಯಬೇಡಿರಿ.

ಕೌದಿ, ಜಮಖಾನೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ ಉಳಿಸಬಹುದು. ಹತ್ತಿಯ ಗಾದಿ ಉಳಿಯುವುದಿಲ್ಲ. ಕಟ್ಟಿಗೆಯ ಸಾಮಾನು ನೆರಳಿನಲ್ಲಿ ಒಣಗಲಿ, ಬಿಸಿಲಿಗೆ ತಿರುಚುತ್ತದೆ. ಪಾಸ್‌ಬುಕ್ಕು, ರೇಶನ್ ಕಾರ್ಡುಗಳನ್ನೂ ನೆರಳಿನಲ್ಲಿ ಬಿಡಿ ಬಿಡಿಯಾಗಿ ಹರವಿರಿ. ಉತಾರದ ಪ್ರತಿ ನಾಡ ಕಚೇರಿಯಲ್ಲಿ ಮತ್ತೆ ಸಿಗುತ್ತದೆ. ದನಗಳಿಗೆ ಗಳಲೆ ಮತ್ತು ಚಪ್ಪೆ ಬೇನೆಯ ಲಸಿಕೆ ಆಗಿಲ್ಲದಿದ್ದರೆ ಪಶು ವೈದ್ಯರಿಗೆ ತಿಳಿಸಿರಿ.

ಬಾವಿಯ ನೀರನ್ನು ಕುಡಿಯುವ ಮೊದಲು ಎತ್ತಿ ಹಾಕಿ, ಹೂಳು ತೆಗೆದು, ಹೊಸ ನೀರು ಬಂದ ಮೇಲೆ ಬ್ಲೀಚಿಂಗ್ ಪುಡಿ ಹಾಕಬೇಕು. 3 ಮೀಟರ್ ಅಡ್ಡಗಲದ ದುಂಡು ಬಾವಿಯಲ್ಲಿ 4 ಮೀಟರ್ ನೀರಿದ್ದರೆ ಸುಮಾರು 28,000 ಲೀಟರಾಗುತ್ತದೆ. 1,000 ಲೀಟರಿಗೆ ಎರಡೂವರೆ ಗ್ರಾಂ ಎಂಬ ಸಾಧಾರಣ ಲೆಕ್ಕದಲ್ಲಿ 70 ಗ್ರಾಂ. ಮಹಾಪೂರದ ನಂತರ ಇದಕ್ಕಿಂತ ಹೆಚ್ಚು ಬೇಕಾಗುವುದರಿಂದ ಆರೋಗ್ಯ ಕಾರ್ಯಕರ್ತರಿಂದಲೇ ಹಾಕಿಸಿ, ಒಂದು ತಾಸಿನ ನಂತರ ಲೀಟರಿಗೆ ಅರ್ಧ ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷೆ ಮಾಡಿಸಿರಿ. ಅಲ್ಲಿಯವರೆಗೆ ಕುದಿಸಿ ಆರಿಸಿದ ನೀರೇ ಸರಿ.

ಹಾಳೆ ಬೆವರುವುದು ನಿಂತ ಮೇಲೆ ಗೋಡೆಯ ಕೆಲಸ. ಹೊಳೆ ತಂದ ಎರೆಮಣ್ಣನ್ನು ಪುಕ್ಕಟೆ ಸಿಕ್ಕಿತೆಂದು ಗಿಲಾವಿಗೆ ಬಳಸಬೇಡಿರಿ. ಎರೆ ನೀರು ಕಂಡರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ನಿಮ್ಮ ಹೊಲದಲ್ಲಿಯೇ ಬೇಸಿಗೆಗೆ ಕಾಲು ಹೋಗುವಷ್ಟು ಬಾಯಿ ಬಿಡುವುದನ್ನು ಕಂಡಿದ್ದೀರಿ. ಕೆಂಪು ಮಣ್ಣಿಗೆ ಗೋದಿಯ ಹೊಟ್ಟು ಬೆರೆಸಿ ನಾಲ್ಕೈದು ದಿನ ಕೊಳೆಹಾಕಿ ತುಳಿದು, ತೆಳುವಾಗಿ ಎರಡು ಸಲ ಮೆತ್ತಿರಿ. ನೆಲದ ಮೇಲಿನ ಎರಡು ಅಂಗುಲ ಹೊಲಸು ಮಣ್ಣು ತೆಗೆದು ಗರಸು ಹಾಕಿ ಬಡಿದು, ಆಮೇಲೆ ಸಾರಿಸಿರಿ. ಗೋಡೆಗೆ ಸುಣ್ಣವೇ ಯೋಗ್ಯ. ಒಂದು ಕಿಲೋ ಸುಣ್ಣಕ್ಕೆ ಸುಮಾರು 5 ಲೀಟರ್ ನೀರು ಹಾಕಿ ಒಂದು ದಿನ ಬಿಟ್ಟು, ಬಟ್ಟೆಯಲ್ಲಿ ಸೋಸಿ, ಸ್ವಲ್ಪ ಗಂಜಿ ಬೆರೆಸಿ ಹಚ್ಚಿರಿ. ಸುಣ್ಣ ಕುದಿಯುವಾಗ ಕಣ್ಣಿಗೆ ಸಿಡಿಯದಂತೆ ಎಚ್ಚರವಿರಲಿ.

ಸುಣ್ಣ ಹಚ್ಚುವ ಮೊದಲು, ನೀರು ನಿಂತ ಗುರುತಿಗೆ ಸರಿಯಾಗಿ ಗೋಡೆಗೆ ಒಂದು ಮೊಳೆ ಹೊಡೆಯಿರಿ. ಕಾಳು ಇಡುವ ಹಲಗೆ, ಕಾಗದ ಪತ್ರದ ಪೆಟ್ಟಿಗೆ ಮತ್ತು ವಿದ್ಯುತ್ತಿನ ಗುಂಡಿಗಳನ್ನು ಇನ್ನು ಮುಂದೆ ಆ ಮೊಳೆಗಿಂತ ಎರಡು ಅಡಿ ಮೇಲೆ ಮಾಡಿಸಿರಿ.